ವರ್ಲೀನ್ ಟಬ್ಸ್‌ಳ ಅಂಗಳಕ್ಕೆ ಬಂದ ಸಿನಿಮಾ

ಅಂಗಳದಲ್ಲಿ ಒಂದು ಎಳೆ ಹುಲ್ಲು ತಲೆಯೆತ್ತಿದರೂ ವರ್ಲೀನ್ ಟಬ್ಸ್‌ಳ ಕಣ್ಣು ಕೆಂಪಾಗುತ್ತಿತ್ತು. ಮಿಸಿಸಿಪ್ಪಿಯ ಟಲ್ಲೋನಾದಲ್ಲಿ, ಚರ್ಚಿನ ಹಿಂದಿನ ಕಪ್ಪುಜನರ ಕೇರಿಯಲ್ಲಿ, ಅಂಗಳವೆಂದರೆ ಬರೀ ಮಣ್ಣು. ಕಡ್ಡಿ ಪೊರಕೆಯಿಂದ ಗೀರುಗೀರಾಗಿ ಗುಡಿಸಿದ್ದರೆ ಒಳಗೆ ಮರ್ಯಾದಸ್ಥರಿದ್ದಾರೆ ಎಂದರ್ಥ. ಶಾಲೆಯ ಅಡುಗೆಮನೆಯಲ್ಲಿ ದುಡಿದು, ಗಂಡನನ್ನು ಮಣ್ಣು ಮಾಡಿ, ಮುದಿ ತಾಯಿಯನ್ನು ನೋಡಿಕೊಳ್ಳುತ್ತಿದ್ದ ವರ್ಲೀನ್ ಜ್ವರ ಬಂದ ದಿನವೂ ಪೊರಕೆ ಬಿಟ್ಟವಳಲ್ಲ.

ತಾಯಿ ಆಸಿ ಮೇ ಒಂದು ಕಾಲಕ್ಕೆ ಕಾದಂಬರಿಕಾರ ಥೇಯರ್ ಲ್ಯಾಂಗ್ಡನ್‌ರ ಮನೆಯ ಅಡುಗೆಯವಳು. ದೇಶವೆಲ್ಲ ಹೊಗಳಿದ ಅವರ ಕಾದಂಬರಿಯೊಳಗಿನ ಅಡುಗೆಯವಳು ಆಸಿ ಮೇಯೇ ಎಂಬುದು ಊರಿಗೆಲ್ಲ ಗೊತ್ತು. ಅದು ಸಿನಿಮಾ ಆದಾಗ ಆಕೆ ಗೆಳತಿಯರನ್ನು ಕಟ್ಟಿಕೊಂಡು ಹೋಗಿ, ಬಿಳಿಯರಿಂದ ಬೇರೆಯಾಗಿ ಕಪ್ಪುಜನರಿಗೆ ಬಿಟ್ಟಿದ್ದ ಮೇಲಿನ ಬಾಲ್ಕನಿಯಲ್ಲಿ ಕೂತಳು. ಪರದೆಯ ಮೇಲೆ ಅಡುಗೆಯವಳ ಮನೆ ಬಂತು. ಸೊಂಟದೆತ್ತರ ಕಳೆ, ಜಗುಲಿಯ ಮೇಲೆ ಹಂದಿ!

"ಆಸಿ ಮೇ, ನಿನ್ ಹಂದಿ ಚೆನ್ನಾಗಿದ್ಯೇನೇ?" ಎಂದು ಊರು ವರ್ಷಗಟ್ಟಲೆ ಆಡಿಕೊಂಡಿತು. ಪುಸ್ತಕದಲ್ಲಿ ಅಂಗಳದ ಸುದ್ದಿಯೇ ಇರಲಿಲ್ಲ. ಆದರೆ ಎರಡನೆಯ ಸಲ ಸಿನಿಮಾ ತೆಗೆದವರು ಪುಸ್ತಕ ಯಾಕೆ ಓದುತ್ತಾರೆ? ಮೊದಲನೆಯದನ್ನು ನೋಡಿ ತೆಗೆದರು. ಹಂದಿ ಎರಡಾದವು.

ಮೂರನೆಯ ಸಲ ತೆಗೆಯಲು ಬಂದವನು ಕ್ಯಾಲಿಫೋರ್ನಿಯಾದ ಗ್ಯಾರಿಕ್. ನಿಜವಾದ ಮನೆಯಲ್ಲೇ, ಇದ್ದದ್ದು ಇದ್ದ ಹಾಗೆ ತೆಗೆಯುತ್ತೇನೆಂದ. ಆಸಿ ಮೇ ಹಟ ಹಿಡಿದಳು. "ಒಪ್ಕೊಳ್ಳೇ. ಸಾಯೋಕ್ ಮುಂಚೆ ನನ್ ಮನೆ ನನ್ ಮನೆ ಥರಾನೇ ಕಾಣ್ಲಿ." ವರ್ಲೀನ್ ಒಪ್ಪಿದಳು.

ಭಾನುವಾರ ತಾಯಿ ಮಗಳು ಚರ್ಚಿನಿಂದ ಬರುವಷ್ಟರಲ್ಲಿ ಲಾರಿಯಲ್ಲಿ ಕಳೆ ತಂದು ಅಂಗಳದ ತುಂಬ ನೆಟ್ಟಿದ್ದರು. ತುಕ್ಕು ಹಿಡಿದ ತೊಟ್ಟಿ ಬೇರೆ. ಆಸಿ ಮೇ ಗೇಟಿನಲ್ಲೇ ನಿಂತುಬಿಟ್ಟಳು. ಆ ಮುಖ ನೋಡಿದ್ದೇ ತಡ, ವರ್ಲೀನ್ ಚರ್ಚಿನ ಟೋಪಿಯನ್ನೂ ತೆಗೆಯದೆ ಬಗ್ಗಿ ಕಳೆ ಕಿತ್ತು ಬೀದಿಗೆಸೆಯತೊಡಗಿದಳು.

ಗ್ಯಾರಿಕ್ ಓಡಿ ಬಂದ. "ಅಯ್ಯೋ ಮೇಡಂ, ನಿಲ್ಸಿ! ಬಡವರ ಮನೆ ಅಂತ ನೋಡೋರಿಗೆ ಗೊತ್ತಾಗ್ಬೇಡ್ವಾ?"

"ಬಡವರಂದ್ರೆ ಸೋಮಾರಿಗಳು ಅಂತ ಯಾವನಪ್ಪ ಹೇಳಿದ್ದು ನಿಂಗೆ?"

ಪಕ್ಕದ ಮನೆಯ ಕ್ಲಿಯೋತಾ ಬೇಲಿಯ ಮೇಲಿಂದ ಕೂಗಿದಳು. "ಹಂದಿ ಎಲ್ಲೇ ವರ್ಲೀನ್?"

ಲಾರಿಯವನು ಪಾಪ, ನಿಜವನ್ನೇ ಹೇಳಿದ. "ನಾಳೆ ಬರತ್ತೆ ಮೇಡಂ."

ಕೇರಿಯೆಲ್ಲ ಗೊಳ್ಳೆಂದಿತು. ಗ್ಯಾರಿಕ್ ದನಿ ತಗ್ಗಿಸಿದ. "ಯೋಚನೆ ಮಾಡಿ. ಇದನ್ನ ಪ್ರಪಂಚಾನೇ ನೋಡತ್ತೆ. ನಿಮ್ ತಾಯಿ ಹೆಸರು ಉಳಿಯತ್ತೆ."

ಕಳೆ ಕೀಳುತ್ತಿದ್ದ ವರ್ಲೀನಳ ಕೈ ನಿಂತಿತು. ತಾಯಿಗೆ ವಯಸ್ಸಾಗಿದೆ, ನಾಲ್ಕನೆಯ ಸಿನಿಮಾದವರೆಗೆ ಆಕೆ ಇರುವುದಿಲ್ಲ. ಇವತ್ತು ಬೇಡವೆಂದರೆ ಮುದುಕಿಯ ಆಸೆಗೆ ತಾನೇ ಕಲ್ಲು ಹಾಕಿದಂತೆ. ಆದರೂ ಆ ಕಳೆ ನೋಡಿದರೆ ಮೈ ಉರಿಯುತ್ತಿತ್ತು.

"ಈ ಹೊಲಸಲ್ಲಿ ಉಳಿಯೋ ಹೆಸರು ನಮಗ್ ಬೇಡ. ತಗೊಂಡ್ ಹೋಗಿ ನಿಮ್ ಲಾರಿ!" ಎಂದಳು.

ಲಾರಿ ಹೋಯಿತು. ವರ್ಲೀನ್ ಅಂಗಳವನ್ನೆಲ್ಲ ಗುಡಿಸಿ ಮುಗಿಸಿ ಜಗುಲಿಯ ಮೇಲಿದ್ದ ತಾಯಿಯ ಬಳಿ ಬಂದಳು. ವರ್ಲೀನ್‌ಗೆ ಅಳುಕಾಯಿತು.

"ಸಿಟ್ಟೇನಮ್ಮ ನನ್ ಮೇಲೆ?"

"ಆಸೆ ಇತ್ತು ಕಣೇ, ಸುಳ್ಯಾಕ್ ಹೇಳ್ಲಿ," ಎಂದಳು ಆಸಿ ಮೇ. "ಆದ್ರೆ ಸಿಟ್ಟು ನನ್ ಮೇಲೇನೇ. ಅವತ್ತು ಸಿನಿಮಾ ನೋಡೋಕ್ ಹೋದಾಗ ನಾನು ತಲೆ ತಗ್ಗಿಸ್ಕೊಂಡು ಎದ್ ಬಂದೆ. ನೀನು ಅವ್ರನ್ನೇ ಎಬ್ಬಿಸ್ ಕಳಿಸ್ದೆ." ಮುದುಕಿ ಕೋಲೂರಿ ಮೆಟ್ಟಿಲಿಳಿದಳು. "ಕುರ್ಚಿ ತಂದು ಅಂಗಳದ ನಡುಮಧ್ಯೆ ಹಾಕು. ಬೀದೀಲ್ ಹೋಗೋರೆಲ್ಲ ನೋಡ್ಲಿ, ಆಸಿ ಮೇ ಮನೆ ಯಾವ್ದು ಅಂತ."

ವರ್ಲೀನ್ ಕುರ್ಚಿ ತಂದು ಹಾಕಿದಳು.