ದಕ್ಷಿಣಕ್ಕೆ ಮುಖ

ತೆರಕಣಾಂಬಿಯಲ್ಲಿ ಸಾವಾದ ಮನೆಗೆ ನಮ್ಮ ಸೋದರಮಾವ ಚಿಕ್ಕಮಲ್ಲಪ್ಪ ಹೊರಟರೆಂದರೆ ನಮ್ಮವ್ವನ ಎದೆ ಢವಢವ ಅನ್ನುತ್ತಿತ್ತು. ಯಾರಾದರೂ "ಪುಣ್ಯಾತ್ಮ, ಶಿವನ ಪಾದ ಸೇರ್ಕಂಡ" ಅಂದರೆ ಸಾಕು, ಮಾವ "ನೀನೋಗಿ ನೋಡ್ಕಂಡು ಬಂದ್ಯಾ?" ಎಂದು ಕೇಳಿಬಿಡುವರು. ಅಳುತ್ತಿದ್ದವರು ಅಳು ನಿಲ್ಲಿಸಿ ಇವರನ್ನು ಬಯ್ಯಲು ಶುರುಮಾಡುವರು. ಮಾವನದು ಹಗ್ಗ, ಮೂಗುದಾರದ ಅಂಗಡಿ. ಕತ್ತಿನಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಎಲ್ಲ ಇತ್ತು. ಕೈಲಾಸವೊಂದನ್ನು ಮಾತ್ರ ಒಪ್ಪುತ್ತಿರಲಿಲ್ಲ.

ಐವತ್ತನಾಲ್ಕನೇ ಇಸವಿಯ ಮಾಗಿಯಲ್ಲಿ ಅತ್ತೆ ಪುಟ್ಟಮಲ್ಲಮ್ಮ ಜ್ವರ ಬಂದು ತೀರಿಕೊಂಡರು. ಮಕ್ಕಳಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಗುಂಡಿಯೊಳಗೆ ದಕ್ಷಿಣದ ಗೋಡೆಯಲ್ಲಿ ಗೂಡು ಕೊರೆದು, ಅದರಲ್ಲಿ ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಉತ್ತರಕ್ಕೆ ಮುಖ ಮಾಡಿ ಕೂರಿಸುತ್ತೇವೆ. ಹೊಲದ ಮೂಲೆಯಲ್ಲಿ ಅತ್ತೆಯನ್ನೂ ಹಾಗೇ ಕೂರಿಸಿದೆವು. ಮಠದ ಶಿವರುದ್ರಸ್ವಾಮಿಗಳು ಮಾವನ ಬೆನ್ನು ಸವರಿ, "ಲಿಂಗದಲ್ಲಿ ಐಕ್ಯವಾದಳು, ಅಳಬೇಡ" ಎಂದರು.

"ಐಕ್ಯ ಆದ್ಮೇಲೆ ಅವಳು ಅಂತ ಬ್ಯಾರೆ ಉಳೀತಾಳಾ ಬುದ್ಧಿ?" ಎಂದು ಮಾವ ಕೇಳಿದರು.

"ಇಲ್ಲ. ನಾನು, ನೀನು ಅನ್ನೋದೇ ಅಲ್ಲಿರಲ್ಲ."

"ಅಂಗಾರೆ ನಾನು ಏಳದ್ನೇ ನೀವೂ ಏಳ್ತಾ ಇದೀರ. ಅವಳು ಇಲ್ಲ."

ಅಂದಿನಿಂದ ಮಾವನ ಬಾಯಿ ಕಟ್ಟಿತು. ಕೈಲಾಸ ನಂಬಿದವರು ಮುಂದೊಂದು ದಿನ ಸಿಗುತ್ತಾಳೆಂದು ಕಾಯಬಹುದು. ಇವರಿಗೆ ಕಾಯಲು ಏನೂ ಇರಲಿಲ್ಲ, ಬರೀ ಅವಳು ಬೇಕು ಅನ್ನುವುದೊಂದಿತ್ತು. ಸಂಜೆ ಹಗ್ಗ ಹೊಸೆಯುವಾಗ ಗಂಡ ಹೆಂಡತಿ ಅಂಗಳದ ಎರಡು ತುದಿಗೆ ಎದುರುಬದುರು ನಿಂತು, ಊರಿನ ಸುದ್ದಿಯನ್ನೆಲ್ಲ ಜಗಳ ಆಡುವವರ ಹಾಗೆ ಆಡಿಕೊಳ್ಳುತ್ತಿದ್ದರು. ಈಗ ಆ ತುದಿಯನ್ನು ನಾನು ಹಿಡಿದರೆ, "ಬುಡ್ಲಾ, ನಿಂಗೆ ಬರಾಕಿಲ್ಲ" ಎಂದು ಹಗ್ಗವನ್ನು ನೆಲಕ್ಕೆ ಹಾಕುವರು. ನನಗೆ ಚೆನ್ನಾಗಿಯೇ ಬರುತ್ತಿತ್ತು. ಅವರಿಗೆ ನನ್ನ ಮುಖ ಬೇಕಿರಲಿಲ್ಲ.

ಯುಗಾದಿ ಕಳೆದ ಮೇಲೆ ಆಳುಗಳನ್ನು ಕರೆಸಿ, ಅತ್ತೆಯ ಸಮಾಧಿಯ ಉತ್ತರಕ್ಕೆ ಒಂದು ಮಾರು ಬಿಟ್ಟು ತಮ್ಮ ಗುಂಡಿ ತೋಡಿಸಿದರು. ಬದುಕಿದ್ದಾಗಲೇ ತೋಡಿಸಿಟ್ಟುಕೊಳ್ಳುವವರು ನಮ್ಮಲ್ಲಿ ಇದ್ದಾರೆ, ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಆದರೆ ಮಾವ ಗೂಡನ್ನು ಉತ್ತರದ ಗೋಡೆಯಲ್ಲಿ ಕೊರೆಸಿದ್ದರು. ಅದರಲ್ಲಿ ಕೂತರೆ ಮುಖ ದಕ್ಷಿಣಕ್ಕೆ, ನೇರ ಅತ್ತೆಯ ಕಡೆಗೆ.

ಸುದ್ದಿ ಕೇಳಿ ಸ್ವಾಮಿಗಳು ಉರಿಬಿಸಿಲಲ್ಲೇ ನಡೆದು ಬಂದರು. ಮಾವ ಆಗ ಒಳಗೆ ಗೂಡಿನಲ್ಲಿ ಕೂತಿದ್ದರು, ನಾನು ಮೇಲೆ ನಿಂತಿದ್ದೆ.

"ಮುಚ್ಚಿಸು ಇದನ್ನ. ಅದು ಯಮನ ದಿಕ್ಕು" ಎಂದರು ಸ್ವಾಮಿಗಳು.

"ಯಮ ಬಂದ್ರೆ ನಾನೇ ಮಾತಾಡ್ಕತೀನಿ ಬುಡಿ ಬುದ್ಧಿ."

"ಸತ್ತ ಮೇಲೆ ಏನೂ ಇಲ್ಲ ಅಂತೀಯಲ್ಲ, ಮತ್ತೆ ಮುಖ ಯಾವ ಕಡೆ ಇದ್ರೆ ನಿನಗೇನು?"

ಮಾವ ಎದುರಿನ ಮಣ್ಣಿನ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. "ಅದುಕ್ಕೇಯ ಬುದ್ಧಿ. ಸತ್ಮೇಲೆ ನಂಗೇನೂ ತಿಳಿಯಾಕಿಲ್ಲ. ಅವಳ ಎದುರ್ಗೆ ಕೂತ್ಕಬೇಕು ಅಂದ್ರೆ ಈಗ್ಲೇ ಕೂತ್ಕಬೇಕು."

ಸ್ವಾಮಿಗಳು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಬೆವರು ಒರೆಸಿಕೊಂಡು ಹೇಳಿದರು: "ಬದುಕಿರೋವರೆಗೂ ಹೆಂಗಾದರೂ ಕೂತ್ಕೋ. ಸತ್ತ ಮೇಲೆ ಅದು ನನ್ನ ಕೆಲಸ. ಉತ್ತರಕ್ಕೇ ಕೂರಿಸೋದು."

"ಆಯ್ತು ಬುಡಿ" ಎಂದರು ಮಾವ.

ಮಳೆ ಬೀಳದ ಹಾಗೆ ಗುಂಡಿಗೆ ತಗಡು ಹೊದಿಸಿದರು. ಅಂಗಡಿಗೆ ಬೀಗ ಹಾಕಿ ಸಂಜೆ ಅಲ್ಲಿಗೆ ಹೋಗಿ ಇಳಿದು ಕೂತು, ಗುಂಡ್ಲುಪೇಟೆ ಸಂತೆಯಲ್ಲಿ ಯಾರು ಏನೆಂದರು, ಯಾರ ಎತ್ತು ಮಾರಿಹೋಯಿತು ಎಲ್ಲವನ್ನೂ ಹೇಳುವರು. ಒಮ್ಮೆ ಕರೆಯಲು ಹೋದಾಗ ಕೇಳಿದೆ: "ಅತ್ತೆಗೆ ಕೇಳ್ಸ್ತದಾ ಮಾವ?"

"ಇಲ್ಲ ಕಣ್ಲಾ. ಮಣ್ಗೆ ಏಳ್ತಾ ಇವ್ನಿ ಅಂತ ನಂಗೊತ್ತಿಲ್ವಾ."

ಮಾರನೆಯ ದಿನ ಮತ್ತೆ ಹೋದರು. ಇಲ್ಲದವಳಿಗಾಗಿ ಅಷ್ಟು ಹಂಬಲಿಸಿದವರನ್ನು ನಾನು ಬೇರೆ ಕಂಡಿಲ್ಲ.

ಐವತ್ತೇಳರಲ್ಲಿ ಮಾವ ಹೋದರು. ಸ್ವಾಮಿಗಳು ಆಡಿದ ಮಾತಿಗೆ ತಪ್ಪಲಿಲ್ಲ. ನಾನು ಕಾಲು ಹಿಡಿದರೂ ಕೇಳಲಿಲ್ಲ. ಅವ್ವ, ನೆಂಟರು ಎಲ್ಲ ಅವರ ಕಡೆಗೇ. ದಕ್ಷಿಣದ ಗೋಡೆಯಲ್ಲಿ ಹೊಸ ಗೂಡು ಕೊರೆಸಿ ಮಾವನನ್ನು ಅದರಲ್ಲಿ ಕೂರಿಸಿದರು. ಬೆನ್ನು ಅತ್ತೆಯ ಕಡೆಗೆ. ಉಪ್ಪು ಬಿತ್ತು, ವಿಭೂತಿ ಬಿತ್ತು, ಆಮೇಲೆ ಮಣ್ಣು. ಸುತ್ತ ನಿಂತವರು ಕೈಲಾಸ ಸಿಗಲಿ ಎನ್ನುತ್ತಿದ್ದರು. ನಾನೂ ಕೈ ಮುಗಿದೆ. ಮಾವ ಹೇಳಿದ್ದೇ ನಿಜವಾಗಲಿ ಶಿವನೇ, ಸತ್ತವರಿಗೆ ಏನೂ ತಿಳಿಯದಿರಲಿ ಎಂದು ಬೇಡಿಕೊಂಡೆ.