ಮಿರಜದ ಗಾದಿ

ಮದುವೆಯಾಗಿ ಸಾಂಗ್ಲಿಗೆ ಬಂದ ಹೊಸದರಲ್ಲಿ ನನ್ನ ಗಂಡನ ಬಲಗೈ ನೋಡಿ ನನಗೆ ಮುಜುಗರವಾಗಿತ್ತು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಅರಿಷಿಣ. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ದಿನಾ ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದರು. ಇವರು ಆ ಸಾಲಿನಲ್ಲಿದ್ದರೆ ಪೆಟ್ಟು ತಪ್ಪುತ್ತಿರಲಿಲ್ಲ. ಇಡೀ ಅಂಗಡಿ ನಡೆದಿದ್ದೇ ಆ ಬೆರಳುಗಳ ಮೇಲೆ ಎಂದು ಆಮೇಲೆ ತಿಳಿಯಿತು.

ಅಂಗಡಿ ಕಾಕಾ ಅವರದು, ಅಂದರೆ ನನ್ನ ಮಾವನವರ ತಮ್ಮನದು. ಮಾವನವರು ತೀರಿಕೊಂಡ ಮೇಲೆ ಇವರನ್ನು ಸಾಕಿದವರೂ ಅವರೇ. ರೈತರು ತಂದು ಹಾಕಿದ ಅರಿಷಿಣವನ್ನು ಖರೀದಿದಾರರಿಗೆ ಮಾರಿಕೊಡುವುದು ಕಸುಬು. ಬೆಲೆಯನ್ನು ಬಾಯಿಂದ ಆಡುವಂತಿಲ್ಲ. ಅಂಗಡಿಯ ಮನುಷ್ಯ ಕೈಯ ಮೇಲೆ ವಸ್ತ್ರ ಹೊದಿಸಿಕೊಂಡು ನಿಲ್ಲುತ್ತಾನೆ. ಖರೀದಿದಾರರು ಒಬ್ಬೊಬ್ಬರಾಗಿ ಬಂದು ಅದರ ಕೆಳಗೆ ಕೈ ಹಾಕಿ, ಬೆರಳು ಒತ್ತಿ ತಮ್ಮ ಬೆಲೆ ತಿಳಿಸುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗಬಾರದು. ಎಲ್ಲರದನ್ನೂ ಮನಸ್ಸಿನಲ್ಲಿಟ್ಟುಕೊಂಡು, ಮುಖದ ಮೇಲೆ ಏನೂ ತೋರಗೊಡದೆ, ಕೊನೆಗೆ ಒಬ್ಬನ ಕೈ ಹಿಡಿದು ಇನ್ನಷ್ಟು ಏರಿಸಿ ವ್ಯಾಪಾರ ಮುಗಿಸಬೇಕು. ಇನ್ನೂ ಹೊಸಬರಾಗಿದ್ದರೂ ಆ ಕೆಲಸ ಇವರಿಗೆ ಒಲಿದುಬಿಟ್ಟಿತ್ತು. ರೈತರು ಅಂಗಡಿಯ ಹೆಸರು ಹಿಡಿದು ಬರುತ್ತಿರಲಿಲ್ಲ, ಇವರ ಕೈಯನ್ನು ನಂಬಿ ಬರುತ್ತಿದ್ದರು.

ಅಷ್ಟರಲ್ಲಿ ಕಾಕಾ ಮಿರಜದಲ್ಲಿ ಸ್ಟೇಷನ್ನಿನ ಹತ್ತಿರ ಗೋದಾಮು ತೆಗೆದರು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಾತು ತೆಗೆದರು. ನಾನು ರೊಟ್ಟಿ ಬಡಿಸುತ್ತಿದ್ದೆ.

"ಮಿರಜದ ಗಾದಿ ನಿನಗ. ಹಮಾಲರು, ಗುಮಾಸ್ತರು, ಕೀಲಿಕೈ, ಎಲ್ಲಾ ನಿನ್ನ ಕೈಯಾಗ. ಮ್ಯಾನೇಜರ್ ಆಗು. ಬ್ಯಾಡ ಅಂದ್ರ ಇಲ್ಲೇ ವಸ್ತ್ರ ಹಿಡಕೊಂಡು ನಿಂದರು. ನಿನ್ನ ಮರ್ಜಿ."

"ಇಲ್ಲೆ ವಸ್ತ್ರ ಯಾರ ಹಿಡೀತಾರ, ಕಾಕಾ?"

"ನಿನ್ನ ತಮ್ಮ ಅದಾನಲ್ಲ, ಕಲೀತಾನ."

ತಮ್ಮ ಎಂದರೆ ಕಾಕಾ ಅವರ ಸ್ವಂತ ಮಗ. ಅವನು ಹಪ್ಪಳ ಮುರಿಯುತ್ತಿದ್ದ, ತಲೆ ಎತ್ತಲಿಲ್ಲ.

ಕಾಕಾ ಅವರ ಹೆಂಡತಿ, ಕಾಕು, ಒಳಗಿನಿಂದಲೇ ಅಂದರು: "ಗಾದಿ ಬಿಟ್ಟು ಪ್ಯಾಟ್ಯಾಗ ಬಿಸಲಾಗ ನಿಂದರ್ತಾನೇನ? ನಾಳೆ ಬೀಗರು ಬಂದ್ರ ಏನ ಹೇಳೂದು, ನಿಮ್ಮ ಅಳಿಯಾ ಮಂದಿ ಬೆರಳ ಹಿಚಕ್ತಾನ ಅಂತೇನ?"

ಎಲ್ಲರೂ ನಕ್ಕರು. ಇವರೂ ನಕ್ಕರು.

ಕೋಣೆಗೆ ಬಂದು ನನ್ನನ್ನು ಕೇಳಿದರು, "ನೀ ಏನಂತಿ?"

"ಹೋಗಬ್ಯಾಡ್ರಿ. ಕೀಲಿಕೈ ಯಾರ ಕೈಯಾಗರ ಕೊಡಬಹುದು. ರೈತರು ನಿಮ್ಮನ್ನ ನೋಡಿ ಬರ್ತಾರ. ನಾಳೆ ನಿಮ್ಮ ತಮ್ಮನ್ನ ನೋಡಿ ಬರೂಹಂಗ ಆತಂದ್ರ ನಮಗ ಉಳಿಯೂದೇನ?"

"ಕಾನ್ವೆಂಟಿನ್ಯಾಗ ಇದನ್ನೂ ಕಲಸ್ತಾರೇನ?"

"ಇಲ್ರಿ. ಅಲ್ಲೆ ದೊಡ್ಡವರ ಮಾತ ಮೀರಬಾರದು ಅಂತ ಕಲಸ್ತಾರ."

"ಮತ್ತ?" ಎಂದರು. ಅಲ್ಲಿಗೆ ಮುಗಿಯಿತು. ಆ ಮನೆಯಲ್ಲಿ ‘ನಿನ್ನ ಮರ್ಜಿ’ ಎಂದರೆ ತೀರ್ಮಾನ ಆಗಲೇ ಆಗಿಹೋಗಿದೆ ಎಂದು ಅರ್ಥ. ಸಾಕಿದವರು ಕೊಟ್ಟ ದೊಡ್ಡಸ್ತಿಕೆಯನ್ನು ಬೇಡವೆನ್ನಲು ಇವರಿಗೆ ಬಾಯಿ ಬರಲಿಲ್ಲ.

ಮಿರಜ ದೂರವೇನಲ್ಲ, ಆದರೆ ಆಗ ಅದು ಬೇರೆ ರಾಜರ ಸಂಸ್ಥಾನ. ಅಲ್ಲೇ ಮನೆ ಮಾಡಿದೆವು. ಹಮಾಲರು ಇವರನ್ನು ‘ಸಾಹೇಬ’ ಎನ್ನತೊಡಗಿದರು. ನಾನು ವಾರಕ್ಕೊಮ್ಮೆ ಇವರು ಕೂರುವ ಗಾದಿಯ ಬಿಳಿ ಹೊದಿಕೆ ಒಗೆಯುತ್ತಿದ್ದೆ. ಒರಗುದಿಂಬಿನ ಹೊದಿಕೆಯಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ. ಇವರು ಒರಗಿ ಕೂತವರೇ ಅಲ್ಲ. ಮರುವರ್ಷ ಹಂಗಾಮಿನಲ್ಲಿ ಸಾಂಗ್ಲಿಗೆ ಹೋದಾಗ ಗದ್ದಲ ನೋಡಿ ತಡೆಯಲಾರದೆ ವಸ್ತ್ರಕ್ಕೆ ಕೈ ಚಾಚಿದರಂತೆ. ಕಾಕಾ ಅದನ್ನು ಕಸಿದು ಮಗನಿಗೆ ಕೊಟ್ಟರು. "ಮ್ಯಾನೇಜರ್ ಆದಂವ ಇಲ್ಲಿ ನಿಂತ್ರ ಮಂದಿ ಏನಂತಾರ? ಕೆಳಗ ಇಳಿಸ್ಯಾರ ಅಂತಾರ." ಕಾಲು ತೊಳೆಯುತ್ತ ಇವರು ನನಗೆ ಇಷ್ಟನ್ನೇ ಹೇಳಿದರು. ಆಮೇಲೆ ಬಹಳ ಹೊತ್ತು ಕಾಲು ತೊಳೆದರು.

ವರ್ಷಗಳು ಹೋದವು. ಕಾಕಾಗೆ ವಯಸ್ಸಾಗಿ ಪಾಲಿನ ಮಾತು ಬಂತು. "ಅಂಗಡಿ ಅಂದ್ರ ಗ್ವಾಡಿ ಅಲ್ಲ, ರೈತರು. ಅವರು ಯಾರ ಕಡೆ ಬರ್ತಾರೋ ಅಂಗಡಿ ಅವರದು" ಎಂದರು. ಎಷ್ಟು ನ್ಯಾಯವಾದ ಮಾತು. ಇವರಿಗೆ ಹಳೆಯ ರೈತರ ಮೇಲೆ ಭರವಸೆ ಇತ್ತು.

ಅದೇ ದಿನಗಳಲ್ಲಿ ಅಥಣಿ ಕಡೆಯ ರೈತರೊಬ್ಬರು ಹೆಂಡತಿಯನ್ನು ಮಿರಜದ ಆಸ್ಪತ್ರೆಗೆ ತಂದರು. ಇವರ ಕೈಯನ್ನು ಮೊದಲು ನಂಬಿದವರಲ್ಲಿ ಅವರೊಬ್ಬರು. ಆಕೆ ಏಳುವವರೆಗೂ ನಮ್ಮ ಮನೆಯಿಂದಲೇ ಗಂಜಿ ಹೋಯಿತು. ಊರಿಗೆ ಹೊರಡುವ ದಿನ ಇವರು ಕೇಳಿಯೇ ಬಿಟ್ಟರು.

"ಅಣ್ಣಾರ, ಅಂಗಡಿ ಪಾಲಾಗೂದೈತಿ. ಈ ಸಲ ಮಾಲು ನನ್ನ ಕಡೆ ಬರ್ಲಿ."

ಅವರು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. "ನಿಮ್ಮ ಉಪಕಾರ ಮರಿಯಾಂಗಿಲ್ರಿ. ಆದರ ನಿಮ್ಮ ತಮ್ಮ, ಸಣ್ಣ ಸಾವಕಾರ್ರ ಕೈ ರೂಢಿ ಆಗೇತ್ರಿ. ಮತ್ತ ನೀವು ಸಾಹೇಬ್ರು. ನಮ್ಮ ಮಾಲಿಗೆ ಕೈ ಹಾಕಿ ನಿಂದರ್ರಿ ಅಂತ ನಿಮಗ ಹೇಳಾಕ ನಮಗ ನಾಚಿಕಿ ಬರ್ತೈತ್ರಿ."

"ಖರೆ ಐತಿ" ಎಂದು ಇವರು ಟಾಂಗಾದವರೆಗೆ ಹೋಗಿ ಬೀಳ್ಕೊಟ್ಟು ಬಂದರು. ಇನ್ನೊಬ್ಬ ರೈತನನ್ನು ಕೇಳಲಿಲ್ಲ. ಅಂಗಡಿ ತಮ್ಮನಿಗಾಯಿತು, ಅವನ ಮಾಲು ಕಾಯುವ ಗೋದಾಮು ನಮಗೆ.

ಪಾಲಾದ ಮೇಲೆ ಕಾಕು ಒಮ್ಮೆ ನಮ್ಮಲ್ಲಿಗೆ ಬಂದರು. ಮನೆಯೆಲ್ಲ ನೋಡಿ, ಮಂಚದ ಮೇಲೆ ಕೂತು ಹೇಳಿದರು, "ನಿನ್ನ ಗಂಡನ್ನ ಗಾದಿಗೆ ಕುಂಡ್ರಿಸಿದವರು ನಾವ. ಮರೀಬ್ಯಾಡ."

"ಮರೆತಿಲ್ರಿ, ಕಾಕು" ಎಂದೆ. ಚಹಾಕ್ಕೆ ಸಕ್ಕರೆ ಸಾಲದು ಎಂದರು. ಇನ್ನೊಂದು ಚಮಚ ಹಾಕಿ ಕಲಕಿ ಕೊಟ್ಟೆ.