ಸಿಪ್ರಿಯನ್‌ನ ಬಲಗಾಲು

ಸಿಪ್ರಿಯನ್ ಸೋಮಾರಿ ಎಂದು ಊರೇ ಹೇಳುತ್ತಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೇಕರಿಗೆ ಸೇರಿಸಿದರೆ ಹಿಟ್ಟಿನ ಮೂಟೆಯ ಮೇಲೆ ಮಲಗಿದ, ಬಂದರಿಗೆ ಕಳಿಸಿದರೆ ಹಗ್ಗದ ಸುರುಳಿಯ ಮೇಲೆ ಮಲಗಿದ. ಯಾರು ಎಷ್ಟು ಬೈದರೂ ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಕೂತರೂ ಮಲಗಿದರೂ ಬಲಗಾಲು ಮಾತ್ರ ಅಲ್ಲಾಡುತ್ತಲೇ ಇರುತ್ತಿತ್ತು. ಇಗರ್ಜಿಯಲ್ಲಿ ಅವನ ಬೆಂಚಿನವರೆಲ್ಲ ಪೂಜೆ ಮುಗಿಯುವ ತನಕ ಕುಲುಕುತ್ತಿದ್ದರು.

ಆ ಕಾಲಿಗೆ ಬೆಲೆ ಕೊಟ್ಟವರು ಕೊಡಿಯಾಲ್‌ಬೈಲಿನ ಒಬ್ಬ ವಕೀಲರು. ಅವರ ಕಚೇರಿಯ ಮಾಡಿನಿಂದ ಬಟ್ಟೆಯ ದೊಡ್ಡ ಪಂಕ ತೂಗುತ್ತಿತ್ತು. ಅದರ ಹಗ್ಗ ಗೋಡೆಯ ತೂತಿನಿಂದ ಜಗಲಿಗೆ ಬರುತ್ತಿತ್ತು. ಎಳೆಯುವವರು ತೂಕಡಿಸುವುದು, ಒಳಗೆ ವಕೀಲರು ಬೆವರಿ ಕೂಗಾಡುವುದು ದಿನದ ಕತೆ. ಆ ಕೆಲಸಕ್ಕೆ ಬಂದ ಸಿಪ್ರಿಯನ್ ಹಗ್ಗವನ್ನು ಬಲಗಾಲಿನ ಹೆಬ್ಬೆರಳಿಗೆ ಸುತ್ತಿ, ಅಂಗಾತ ಮಲಗಿ ಗೊರಕೆ ಹೊಡೆದ. ಪಂಕ ನಿಲ್ಲಲಿಲ್ಲ. ನಿದ್ದೆಗೆ ಸಂಬಳ ಸಿಗುವ ಬೇರೆ ಉದ್ಯೋಗಗಳೂ ಸರ್ಕಾರದಲ್ಲಿದ್ದವು, ಆದರೆ ಅವಕ್ಕೆ ಬಿ.ಎ. ಆಗಿರಬೇಕಿತ್ತು.

ಆ ಸಂಬಳ ನಂಬಿ ಹೆಂಚಿನ ಕಾರ್ಖಾನೆಯ ಆಗ್ನೆಸ್ ಅವನನ್ನು ಮದುವೆಯಾದಳು. ಮಗು ಹುಟ್ಟಿತು, ಅವಳು ಕೆಲಸ ಬಿಟ್ಟಳು. ಅಷ್ಟರಲ್ಲಿ ಊರಿಗೆ ಕರೆಂಟು ಬಂತು, ವಕೀಲರು ಫ್ಯಾನು ಹಾಕಿಸಿದರು, ಸಿಪ್ರಿಯನ್ ಮನೆಗೆ ಬಂದು ಮಲಗಿದ.

ಆಗ್ನೆಸಳ ಅಣ್ಣ ವಿಲ್ಲಿ ಮುಖಕ್ಕೆ ಹೇಳಿದ: "ಕ್ರಿಸ್ಮಸ್ ಒಳಗೆ ಎಂತಾದ್ರೂ ಕೆಲಸ ಹಿಡಿ ಭಾವ. ಇಲ್ಲದಿದ್ರೆ ತಂಗಿಯನ್ನೂ ಮಗುವನ್ನೂ ನಾನು ಕರ್ಕೊಂಡು ಹೋಗ್ತೇನೆ."

ಸಿಪ್ರಿಯನ್ ಹೆದರಿದ. ಹೆಂಡತಿಯ ಮೇಲೆ ಅವನಿಗೆ ಜೀವ. ಹೆದರಿದರೂ ಏಳಲಿಲ್ಲ ಎನ್ನುವುದು ಬೇರೆ ಮಾತು.

ಆಗ್ನೆಸ್ ಅಳುತ್ತ ಕೂರುವವಳಲ್ಲ. ತೊಟ್ಟಿಲಿನ ಹಗ್ಗವನ್ನು ಗಂಡನ ಕಾಲಿಗೆ ಕಟ್ಟಿ ಮತ್ತೆ ಕಾರ್ಖಾನೆಯ ಕೆಲಸಕ್ಕೆ ಹೋದಳು. ಸಂಜೆ ಬಂದರೆ ಮಗು ನಗುತ್ತಿತ್ತು. ಜೊತೆಗೆ ಹೆಂಚು ಹೊರುವ ಕಿನ್ನಿ ಕೇಳಿದಳು: "ನನ್ನ ಮಗುವಿನದನ್ನೂ ಕಟ್ಟಬಹುದಾ ಮಾರಾಯ್ತಿ?" ಆಮೇಲೆ ಬೀಫಾತಿಮ್ಮ ಬಂದಳು, ಇನ್ನೂ ಕೆಲವರು ಬಂದರು. ಹಳೆಯ ಸೀರೆಗಳ ಜೋಲಿಗಳು ಸಾಲಾಗಿ ತೂಗಿದವು, ಎಲ್ಲದರ ಹಗ್ಗ ಒಂದೇ ಹೆಬ್ಬೆರಳಿಗೆ. ತಾಯಂದಿರು ಕೂಲಿಯಲ್ಲಿ ಸ್ವಲ್ಪ ಕೊಟ್ಟರು, ಅಕ್ಕಿ ಮೀನೂ ತಂದರು. ಮಕ್ಕಳು ಒಟ್ಟಿಗೆ ಕಿರುಚಿದಾಗ ಬೇರೆ ಯಾರಾಗಿದ್ದರೂ ಮನೆ ಬಿಟ್ಟು ಓಡುತ್ತಿದ್ದರು. ಅವನು ಮಾತ್ರ, "ಮೆಲ್ಲ ಅಳಿ ಮಕ್ಕಳೇ, ಎಂತ ಅವಸರ ಉಂಟು?" ಎನ್ನುತ್ತಿದ್ದ. ನನ್ನನ್ನು ಕೇಳಿದರೆ, ಅವನ ಬಂಡವಾಳ ಆ ತಣ್ಣನೆಯ ತಲೆ. ಕಾಲು ಬರೀ ನೆಪ.

ಕ್ರಿಸ್ಮಸ್‌ಗೆ ಮೊದಲೇ ವಿಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು, ಬಾಗಿಲಿನಿಂದಲೇ ಗುಡುಗುತ್ತ ಬಂದ. ಸಿಪ್ರಿಯನ್ ತುಟಿಗೆ ಬೆರಳಿಟ್ಟು ಜೋಲಿಗಳನ್ನು ತೋರಿಸಿದ. ವಿಲ್ಲಿ ಪಿಸುಗುಟ್ಟಿಯೇ ಬೈಯಬೇಕಾಯಿತು. ಪಿಸುದನಿಯಲ್ಲಿ ಜಗಳ ಮಾಡಿ ನೋಡಿ, ಅದರ ಕಷ್ಟ ಗೊತ್ತಾಗುತ್ತದೆ.

"ಇದು ಗಂಡಸು ಮಾಡುವ ಕೆಲಸವಾ ಭಾವ?"

"ನೀನೇ ಮಾಡಿ ನೋಡಿ ಹೇಳು. ನಾನು ಉಂಡು ಬರ್ತೇನೆ," ಎಂದು ಸಿಪ್ರಿಯನ್ ಹಗ್ಗಗಳನ್ನು ವಿಲ್ಲಿಯ ಕಾಲಿನ ಬೆರಳಿಗೆ ಸುತ್ತಿ ಒಳಗೆ ಹೋದ.

ವಿಲ್ಲಿ ಸಿಟ್ಟಿನಲ್ಲೇ ಕಾಲು ಜಗ್ಗಿದ. ಒಂದು ಮಗು ಎದ್ದಿತು, ಅದರ ಹಿಂದೆ ಎಲ್ಲವೂ ಎದ್ದವು. "ಭಾವಾ! ಬೇಗ ಬಾ ಮಾರಾಯಾ!" ಎಂದು ವಿಲ್ಲಿ ಅರಚಿದ. ಸಿಪ್ರಿಯನ್ ಮೀನಿನ ಮುಳ್ಳು ಬಿಡಿಸಿ, ನಿಧಾನವಾಗಿ ಉಂಡು ಬಂದು ಮಲಗಿದ. ಒಂದೊಂದೇ ಮಗು ಸುಮ್ಮನಾಯಿತು.

ವಿಲ್ಲಿ ಬೆವರು ಒರೆಸಿಕೊಂಡು ಗಾಡಿಯವನಿಗೆ ಖಾಲಿ ಗಾಡಿಯಲ್ಲೇ ವಾಪಸು ಹೋಗಲು ಹೇಳಿದ.

"ಇಂಥ ಕೆಲಸ ಸಿಕ್ಕಿದ್ದು ಮೊದಲೇ ಹೇಳ್ಬಾರ್ದಿತ್ತಾ ಭಾವ?"

"ಕೆಲಸವಾ?" ಸಿಪ್ರಿಯನ್ ಕಣ್ಣು ಮುಚ್ಚಿದ. "ನಾನು ಮಲಗಿದ್ದೇನಷ್ಟೆ."